ರೈಲು ಹೊಳೆ ದಾಟಿ ಊರೊಳಗೆ ಏಕೆ ಬರಲಿಲ್ಲ?

ಪ್ರಶ್ನೆ: ನಮಸ್ಕಾರ ಸರ್. ನಾವು ದಾವಣಗೆರೆ ಕಡೆಯವರು. ಜರ್ಮನಿಯ ಟ್ಯೂಬಿಂಗೆನ್‌ಗೆ ಬಂದು ಐದು ವರ್ಷವಾಯಿತು. ನನ್ನ ಹೆಂಡತಿಗೆ ಗುಡ್ಡದ ಮೇಲಿರುವ ಯೂನಿವರ್ಸಿಟಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನನ್ನದು ಪಕ್ಕದ ರಾಯ್ಟ್‌ಲಿಂಗೆನ್‌ನಲ್ಲಿ. ಊರೊಳಗೆ ಮನೆ ಕೊಳ್ಳುವ ಶಕ್ತಿ ನಮಗಿಲ್ಲ. ಹಾಗಾಗಿ ಅಮ್ಮರ್ ಕಣಿವೆಯ ಎಂಟ್ರಿಂಗೆನ್‌ನಲ್ಲಿ ಒಂದು ಫ್ಲಾಟ್ ನೋಡಿದ್ದೇವೆ. ಸ್ಟೇಷನ್ ಹತ್ತಿರವೇ ಇದೆ. ಆದರೆ ನನ್ನ ಹೆಂಡತಿ ದಿನಾ ಟ್ಯೂಬಿಂಗೆನ್ ಸ್ಟೇಷನ್ನಿನಲ್ಲಿ ಇಳಿದು, ಬಸ್ಸು ಹಿಡಿದು, ಊರು ದಾಟಿ ಗುಡ್ಡ ಹತ್ತಬೇಕು. "ಮುಂದೆ ಇದೇ ರೈಲು ಟ್ರಾಮ್ ಆಗಿ ಆಸ್ಪತ್ರೆ ಬಾಗಿಲಿಗೇ ಹೋಗುತ್ತೆ, ಈಗಲೇ ತಗೊಳ್ಳಿ" ಅಂತಾರೆ ಬ್ರೋಕರ್. "ಜನ ಮತ ಹಾಕಿ ಬೇಡ ಅಂದಿದ್ದಾರೆ, ಅದು ಮುಗಿದ ಕಥೆ" ಅಂತಾರೆ ಆಫೀಸಿನವರು. ಹಳೇ ಊರು ಹಾಳಾಗುತ್ತಿತ್ತು, ಬಚಾವಾಯಿತು ಅನ್ನುವವರೂ ಇದ್ದಾರೆ. ಈಗ ಲೈನಿಗೆ ಕರೆಂಟ್ ತಂತಿ ಬಂದಿದೆ. ಹಾಗಿದ್ದ ಮೇಲೆ ಅದೇ ಗಾಡಿ ಇನ್ನಷ್ಟು ಮುಂದೆ ಬರೋದಕ್ಕೆ ಏನು ಅಡ್ಡಿ? ಯಾರ ಮಾತು ನಂಬಬೇಕು?

ಉತ್ತರ: ನಿಮ್ಮ ಚಿಂತೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಮನೆ ಕೊಳ್ಳುವುದು ಎಂದರೆ ಮುಂದಿನ ಇಪ್ಪತ್ತು ಮೂವತ್ತು ವರ್ಷದ ಬೆಳಗ್ಗೆ ಸಂಜೆಗಳನ್ನು ಕೊಂಡಂತೆ. ಆ ಬೆಳಗ್ಗೆಗಳಲ್ಲಿ ನಿಮ್ಮ ಮನೆಯವರು ರೈಲಿನಲ್ಲಿ ಕೂತೇ ಇರುತ್ತಾರೋ, ಚಳಿಯಲ್ಲಿ ಬಸ್ ಸ್ಟಾಪಿನಲ್ಲಿ ನಿಂತಿರುತ್ತಾರೋ ಅನ್ನುವುದು ಸಣ್ಣ ಪ್ರಶ್ನೆಯಲ್ಲ. ರೈಲು ಮತ್ತು ಟ್ರಾಮ್ ಯೋಜನೆಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವನಾಗಿ ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಬ್ರೋಕರ್ ಹೇಳಿದ್ದೂ ಸರಿಯಿಲ್ಲ, ಆಫೀಸಿನವರು ಹೇಳಿದ್ದೂ ಪೂರ್ತಿ ಸರಿಯಿಲ್ಲ.

ಈ ಕಷ್ಟ ಎಲ್ಲಿಂದ ಶುರುವಾಯಿತು ಎಂದು ನೋಡೋಣ. ಟ್ಯೂಬಿಂಗೆನ್‌ಗೆ ರೈಲು ಬಂದದ್ದು 1861ರಲ್ಲಿ. ಹಳೇ ಊರು ನೆಕ್ಕಾರ್ ಹೊಳೆಯ ಉತ್ತರಕ್ಕೆ, ಕೋಟೆಯ ಬುಡದಲ್ಲಿ ಒತ್ತೊತ್ತಾಗಿ ಕೂತಿದೆ. ಹಳಿ ಹಾಕಲು ಸಮತಟ್ಟಾದ ಜಾಗ ಇದ್ದದ್ದು ಹೊಳೆಯ ದಕ್ಷಿಣಕ್ಕೆ. ಸ್ಟೇಷನ್ ಅಲ್ಲೇ ಆಯಿತು. ನಮ್ಮ ಕನ್ನಡ ನಿಘಂಟಿನ ಕಿಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ಊರಿನ ವಿಶ್ವವಿದ್ಯಾಲಯ. ಅವರು 1903ರಲ್ಲಿ ತೀರಿಕೊಂಡದ್ದೂ ಇಲ್ಲೇ. ಅವರ ಕಾಲದಲ್ಲಿ ಸ್ಟೇಷನ್ನಿನಿಂದ ಸೇತುವೆ ದಾಟಿದರೆ ಊರು ಸಿಗುತ್ತಿತ್ತು. ನಡೆದರೆ ಸಾಕಿತ್ತು. ಆಮೇಲೆ ಊರು ಬೆಳೆದದ್ದು ಇನ್ನೂ ಉತ್ತರಕ್ಕೆ, ಗುಡ್ಡದ ಮೇಲಕ್ಕೆ. ದೊಡ್ಡ ಆಸ್ಪತ್ರೆ ಕಟ್ಟಡಗಳು, ಮೋರ್ಗೆನ್‌ಷ್ಟೆಲ್ಲೆಯ ವಿಜ್ಞಾನ ವಿಭಾಗಗಳು, ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು, ವಾಲ್ಡ್‌ಹೊಯ್ಸರ್ ಓಸ್ಟ್‌ನ ವಸತಿ ಬಡಾವಣೆ, ಎಲ್ಲವೂ ಅಲ್ಲಿ. ಸ್ಟೇಷನ್ನಿಗಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿ. ರೈಲು ಮಾತ್ರ 1861ರಲ್ಲಿ ನಿಂತ ಜಾಗದಲ್ಲೇ ನಿಂತಿದೆ.

ಹೀಗಾಗಿ ಕಣಿವೆಗಳಿಂದ ಬರುವ ಜನರೆಲ್ಲ ಒಂದೇ ಕಡೆ ಇಳಿದು ಬಸ್ಸಿಗೆ ಓಡುತ್ತಾರೆ. ಹೆಚ್ಚಿನ ಬಸ್ಸುಗಳು ಅದೇ ನೆಕ್ಕಾರ್ ಸೇತುವೆ ದಾಟಿ, ಅದೇ ಮ್ಯೂಲ್‌ಷ್ಟ್ರಾಸೆ ಎಂಬ ಇಕ್ಕಟ್ಟಾದ ಏರು ರಸ್ತೆಯಲ್ಲಿ ಸಾಲಾಗಿ ಹೋಗುತ್ತವೆ. ಊರಿನಿಂದ ರೈಲಿನಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಇಳಿದು, ಆಮೇಲೆ ಬಸ್ಸು ಹಿಡಿದು ಇನ್ನೊಂದು ಮೂಲೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ದೂರಕ್ಕಿಂತ ಇಳಿದು ಹತ್ತುವುದೇ ಜನರನ್ನು ಸುಸ್ತು ಮಾಡುತ್ತದೆ. ಪ್ರಯಾಣಿಕರ ಅಂದಾಜು ಹಾಕುವಾಗ ನಾವು ಒಂದೊಂದು ಬದಲಾವಣೆಗೂ ಕಾಯುವ ಸಮಯದ ಮೇಲೆ ಇನ್ನೂ ಕೆಲವು ನಿಮಿಷ ಸೇರಿಸಿ ಲೆಕ್ಕ ಮಾಡುತ್ತೇವೆ. ಗಡಿಯಾರದಲ್ಲಿ ಆ ನಿಮಿಷಗಳು ಇರುವುದಿಲ್ಲ. ಜನರ ಮನಸ್ಸಿನಲ್ಲಿ ಇರುತ್ತವೆ. ಅವುಗಳಿಂದಾಗಿಯೇ ಎಷ್ಟೋ ಜನ ಕಾರು ತೆಗೆಯುತ್ತಾರೆ.

ಈ ಕಷ್ಟಕ್ಕೆ ಸಿಕ್ಕ ಉತ್ತರದ ಹೆಸರೇ ಟ್ರಾಮ್-ಟ್ರೇನ್. ಊರಾಚೆ ರೈಲು ಹಳಿಯ ಮೇಲೆ ರೈಲಿನಂತೆ ಓಡುವ ಗಾಡಿ, ಊರೊಳಗೆ ರಸ್ತೆಯ ಹಳಿಗೆ ಇಳಿದು ಟ್ರಾಮಿನಂತೆ ಓಡುತ್ತದೆ. ಇದನ್ನು ಮೊದಲು ಮಾಡಿ ತೋರಿಸಿದ್ದು ನಿಮ್ಮದೇ ರಾಜ್ಯದ ಕಾರ್ಲ್ಸ್‌ರೂಹೆ. ಅಲ್ಲಿಯೂ ಕಷ್ಟ ಇದೇ ಆಗಿತ್ತು. 1913ರಲ್ಲಿ ಅಲ್ಲಿನ ಮುಖ್ಯ ನಿಲ್ದಾಣವನ್ನು ಪೇಟೆಯಿಂದ ದೂರ, ದಕ್ಷಿಣಕ್ಕೆ ಸಾಗಿಸಿದರು. ಹಳ್ಳಿಗಳಿಂದ ಬಂದವರು ಅಲ್ಲಿ ಇಳಿದು ಟ್ರಾಮ್ ಹಿಡಿಯಬೇಕಾಯಿತು. 1992ರ ಸೆಪ್ಟೆಂಬರ್‌ನಲ್ಲಿ ಬ್ರೆಟೆನ್ ಎಂಬ ಪುಟ್ಟ ಊರಿನಿಂದ ಹೊರಟ ಗಾಡಿ ನೇರವಾಗಿ ಪೇಟೆಬೀದಿಗೇ ಬಂತು. ಆ ಲೈನಿನಲ್ಲಿ ದಿನಕ್ಕೆ ಸುಮಾರು 2,000 ಇದ್ದ ಪ್ರಯಾಣಿಕರು ಸ್ವಲ್ಪ ಕಾಲದಲ್ಲೇ 8,000 ದಾಟಿದರು. ಹಳಿ ಹೆಚ್ಚುಕಮ್ಮಿ ಅದೇ, ಹಳ್ಳಿಗಳೂ ಅವೇ. ನಿಲ್ದಾಣಗಳು ಹೆಚ್ಚಾದವು, ಗಾಡಿಗಳು ಹೆಚ್ಚಾದವು, ಎಲ್ಲಕ್ಕಿಂತ ಮುಖ್ಯವಾಗಿ ನಡುವೆ ಇಳಿಯುವುದು ತಪ್ಪಿತು.

ಈಗ ನಿಮ್ಮ ನೇರ ಪ್ರಶ್ನೆಗೆ ಬರುತ್ತೇನೆ. ತಂತಿ ಬಂದಿದೆ, ಅದೇ ಗಾಡಿ ಸೇತುವೆ ದಾಟಿ ಬರಬಾರದೇ? ಬರಲಾಗದು. ಯಾಕೆಂದರೆ ಅದು ಬೇರೆ ಜಾತಿಯ ಗಾಡಿ.

ಕರೆಂಟನ್ನೇ ಮೊದಲು ತೆಗೆದುಕೊಳ್ಳಿ. ಜರ್ಮನಿಯ ರೈಲು ತಂತಿಯಲ್ಲಿ 15,000 ವೋಲ್ಟಿನ ಎಸಿ ಕರೆಂಟ್ ಇರುತ್ತದೆ. ಅಂಗಡಿ ಮುಂಗಟ್ಟುಗಳ ನಡುವೆ ಅಂಥ ತಂತಿ ಎಳೆಯಲು ಆಗುವುದಿಲ್ಲ. ಟ್ರಾಮಿಗೆ 750 ವೋಲ್ಟಿನ ಡಿಸಿ ಸಾಕು. ಎರಡರಲ್ಲೂ ಓಡುವ ಗಾಡಿಗೆ ಟ್ರಾನ್ಸ್‌ಫಾರ್ಮರ್ ಮತ್ತಿತರ ಯಂತ್ರಗಳನ್ನು ಜೊತೆಗೇ ಹೊರಬೇಕು. ಎರಡು ಕರೆಂಟಿನ ಗಡಿಯಲ್ಲಿ ಒಂದು ಚಿಕ್ಕ ತುಂಡು ತಂತಿಯಲ್ಲಿ ಕರೆಂಟೇ ಇರುವುದಿಲ್ಲ. ಗಾಡಿ ಆ ಜಾಗವನ್ನು ಬಂದ ವೇಗದಲ್ಲೇ ಉರುಳುತ್ತಾ ದಾಟುತ್ತದೆ. ಕಾರ್ಲ್ಸ್‌ರೂಹೆಯಲ್ಲಿ ಒಳಗೆ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ.

ಚಕ್ರವೂ ಬೇರೆ. ರೈಲಿನ ಚಕ್ರದ ಅಂಚು ದಪ್ಪ. ರಸ್ತೆಯಲ್ಲಿ ಹೂತ ಟ್ರಾಮ್ ಹಳಿಯ ಕಿರಿದಾದ ಸಂದಿಗೆ ಅದು ಇಳಿಯುವುದಿಲ್ಲ. ಟ್ರಾಮಿನ ತೆಳು ಅಂಚಿನ ಚಕ್ರ ರೈಲಿನ ಹಳಿ ಕೂಡುವ ಜಾಗಗಳಲ್ಲಿ ದಾರಿ ತಪ್ಪಬಹುದು. ಎರಡಕ್ಕೂ ಹೊಂದುವ ಚಕ್ರವನ್ನು ಬೇರೆಯಾಗಿಯೇ ರೂಪಿಸಬೇಕು. ಅಗಲದ ಮಾತೂ ಇದೆ. ರಸ್ತೆಯಲ್ಲಿ ಟ್ರಾಮ್ 2.65 ಮೀಟರಿಗಿಂತ ಅಗಲ ಇರುವಂತಿಲ್ಲ, ಒಟ್ಟು ಉದ್ದ 75 ಮೀಟರ್ ದಾಟುವಂತಿಲ್ಲ. ರೈಲು ಇದಕ್ಕಿಂತ ಅಗಲ. ಅದಕ್ಕೆ ತಕ್ಕಂತೆ ಕಟ್ಟಿದ ಪ್ಲಾಟ್‌ಫಾರ್ಮಿಗೆ ಕಿರಿದಾದ ಗಾಡಿ ಬಂದರೆ ನಡುವೆ ಸಂದಿ ಉಳಿಯುತ್ತದೆ. ಬಾಗಿಲ ಕೆಳಗಿನಿಂದ ಮೆಟ್ಟಿಲು ಚಾಚಿ ಅದನ್ನು ಮುಚ್ಚಬೇಕು.

ನಮ್ಮಂಥವರ ತಲೆ ಜಾಸ್ತಿ ತಿಂದದ್ದು ಡಿಕ್ಕಿಯ ಪ್ರಶ್ನೆ. ದೊಡ್ಡ ರೈಲಿಗಿರುವಷ್ಟು ಗಟ್ಟಿ ಮೈಯನ್ನು ಟ್ರಾಮ್-ಟ್ರೇನಿಗೆ ಕೊಟ್ಟರೆ ಅದು ಊರೊಳಗೆ ಓಡಲಾರದಷ್ಟು ಭಾರವಾಗುತ್ತದೆ. ಹಗುರ ಮಾಡಿದರೆ ಗೂಡ್ಸ್ ಗಾಡಿಯ ಎದುರು ನಿಲ್ಲಲಾರದು. ಜರ್ಮನ್ನರು ಕಂಡುಕೊಂಡ ದಾರಿ ಇದು: ಮೈ ಸ್ವಲ್ಪ ಹಗುರವಾಗಿರಲಿ, ಆದರೆ ಬ್ರೇಕ್ ತುಂಬಾ ಚುರುಕಾಗಿರಲಿ, ಸಿಗ್ನಲ್ ದಾಟಿದರೆ ತಾನಾಗಿ ನಿಲ್ಲಿಸುವ ವ್ಯವಸ್ಥೆ ಕಡ್ಡಾಯವಾಗಿರಲಿ. ಡಿಕ್ಕಿ ತಾಳಿಕೊಳ್ಳುವುದಕ್ಕಿಂತ ಡಿಕ್ಕಿಯೇ ಆಗದಂತೆ ನೋಡಿಕೊಳ್ಳುವ ಲೆಕ್ಕ. ಚಾಲಕರೂ ಎರಡು ವಿದ್ಯೆ ಕಲಿಯಬೇಕು. ಊರಾಚೆ ಸಿಗ್ನಲ್ ನಂಬಿ ಓಡಿಸಬೇಕು, ಊರೊಳಗೆ ಕಣ್ಣು ನಂಬಿ.

ಇಷ್ಟಾದರೂ ಇವೆಲ್ಲ ಬಗೆಹರಿದ ವಿಷಯಗಳು. 2022ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾದ ಆರು ಸಂಸ್ಥೆಗಳು ಒಟ್ಟಾಗಿ ಸ್ಟಾಡ್ಲರ್ ಕಂಪನಿಗೆ 504ರವರೆಗೆ ಟ್ರಾಮ್-ಟ್ರೇನ್ ಗಾಡಿಗಳ ಆರ್ಡರ್ ಕೊಟ್ಟವು. ಅದರಲ್ಲಿ 246 ಖಚಿತ, ಉಳಿದವು ಬೇಕಾದಾಗ. ಆ ಆರರಲ್ಲಿ ನಿಮ್ಮ ಭಾಗದ ಟ್ರಾಮ್-ಟ್ರೇನ್ ಯೋಜನೆಯನ್ನು ನಡೆಸುವ ನೆಕ್ಕಾರ್-ಆಲ್ಬ್ ರೀಜನಲ್ ಷ್ಟಾಟ್‌ಬಾನ್ ಕೂಟವೂ ಒಂದು. ಟ್ಯೂಬಿಂಗೆನ್‌ನಲ್ಲಿ ಮತ ಹಾಕಿ ಬೇಡ ಅಂದ ಮೇಲೂ ಅವರು ಈ ಆರ್ಡರ್ ಕೊಟ್ಟರು ಅನ್ನುವುದನ್ನು ಗಮನಿಸಿ. ಇಲ್ಲಿ ಅಡ್ಡ ಬಂದದ್ದು ಎಂಜಿನಿಯರಿಂಗ್ ಅಲ್ಲ.

ಹಾಗಾದರೆ ಜನ ಬೇಡ ಅಂದದ್ದು ಏನನ್ನು? ಇಲ್ಲೇ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. 2021ರ ಸೆಪ್ಟೆಂಬರ್ 26ರಂದು, ಸಂಸತ್ ಚುನಾವಣೆಯ ದಿನವೇ, ಟ್ಯೂಬಿಂಗೆನ್ ನಗರದವರು ಮತ ಹಾಕಿದ್ದು ಊರೊಳಗಿನ ಲೈನ್ ಬಗ್ಗೆ ಮಾತ್ರ. ಸ್ಟೇಷನ್ನಿನಿಂದ ಸೇತುವೆ, ಮ್ಯೂಲ್‌ಷ್ಟ್ರಾಸೆ, ವಿಲ್ಹೆಲ್ಮ್‌ಷ್ಟ್ರಾಸೆ ಹಿಡಿದು, ಆಸ್ಪತ್ರೆಗಳನ್ನು ಮುಟ್ಟಿ ಗುಡ್ಡದ ಮೇಲಿನ ಬಡಾವಣೆಗೆ ಹೋಗುವ ಸುಮಾರು ಏಳು ಕಿಲೋಮೀಟರ್ ಅದು. 57 ಶೇಕಡಾಕ್ಕಿಂತ ಹೆಚ್ಚು ಮತ ಬೇಡ ಅಂತ ಬಿತ್ತು. ಮೇಯರ್ ಬೋರಿಸ್ ಪಾಲ್ಮರ್ ಲೈನಿನ ಪರ ಇದ್ದರೂ ಹೀಗಾಯಿತು. ಆದರೆ ಕಣಿವೆಗಳ ಲೈನುಗಳ ಮೇಲೆ ಆ ಮತ ಇರಲಿಲ್ಲ. ಹೆರೆನ್‌ಬೆರ್ಗ್‌ನಿಂದ ಟ್ಯೂಬಿಂಗೆನ್‌ಗೆ ಬರುವ ನಿಮ್ಮ ಅಮ್ಮರ್ ಲೈನು, ಆಚೆ ಮೆಟ್ಸಿಂಗೆನ್‌ನಿಂದ ಬಾಡ್ ಉರಾಖ್‌ಗೆ ಹೋಗುವ ಲೈನು, ಎರಡಕ್ಕೂ ತಂತಿ ಎಳೆಯುವ ಕೆಲಸ ನಡೆದೇ ನಡೆಯಿತು. ಅವೆರಡನ್ನೂ ಟ್ಯೂಬಿಂಗೆನ್, ರಾಯ್ಟ್‌ಲಿಂಗೆನ್ ಮೂಲಕ ಒಂದಕ್ಕೊಂದು ಜೋಡಿಸುವುದೇ ಯೋಜನೆಯ ಮೊದಲ ಹಂತ.

ನಿಮ್ಮ ಮನೆಯಲ್ಲೇ ಇದರ ಎರಡೂ ಮುಖ ಇದೆ. ನೀವು ಎಂಟ್ರಿಂಗೆನ್‌ನಲ್ಲಿ ಹತ್ತಿ ರಾಯ್ಟ್‌ಲಿಂಗೆನ್‌ನಲ್ಲಿ ಇಳಿಯುವವರು. ಮೊದಲ ಹಂತ ಇರುವುದೇ ನಿಮ್ಮಂಥವರಿಗೆ. ನಿಮ್ಮ ಹೆಂಡತಿ ಗುಡ್ಡ ಹತ್ತಬೇಕಾದವರು. ಕೈಬಿಟ್ಟದ್ದು ಅವರಿಗೆ ಬೇಕಾಗಿದ್ದ ತುಂಡನ್ನು. ನನ್ನ ಅಭಿಪ್ರಾಯ ಕೇಳಿದರೆ, ಆ ಏಳು ಕಿಲೋಮೀಟರೇ ಯೋಜನೆಯ ಜೀವ. ಅದಿಲ್ಲದೆ ಉಳಿದದ್ದು ಒಳ್ಳೆಯ ವಿದ್ಯುತ್ ರೈಲು. ಅದೂ ದೊಡ್ಡದೇ, ಆದರೆ ಇಳಿದು ಹತ್ತುವ ಕಷ್ಟ ಹಾಗೇ ಉಳಿಯಿತು.

ಬೇಡ ಅಂದವರನ್ನು ನಾನು ಬೈಯುವುದಿಲ್ಲ. ಅವರ ಕಾರಣಗಳಲ್ಲಿ ಕೆಲವು ತಪ್ಪು, ಕೆಲವು ಗಟ್ಟಿ.

ಹಳೇ ಊರು ಹಾಳಾಗುತ್ತಿತ್ತು ಅನ್ನುವುದು ತಪ್ಪು. ನಡೆದಾಡುವ ಕಲ್ಲುಹಾಸಿನ ಓಣಿಗಳೊಳಗೆ ಲೈನು ಹೋಗುತ್ತಲೇ ಇರಲಿಲ್ಲ. ಈಗ ಬಸ್ಸು ಓಡುವ ರಸ್ತೆಯಲ್ಲೇ, ಹಳೇ ಊರಿನ ಅಂಚಿನಲ್ಲಿ ಸಾಗುತ್ತಿತ್ತು. ಟ್ರಾಮ್ ಅಷ್ಟು ಏರು ಹತ್ತುವುದಿಲ್ಲ ಅನ್ನುವುದೂ ಸುಮ್ನೆ ಮಾತು. ನೂರು ಮೀಟರಿಗೆ ಆರು ಮೀಟರ್ ಏರನ್ನು ಇಂದಿನ ಗಾಡಿಗಳು ಸಲೀಸಾಗಿ ಹತ್ತುತ್ತವೆ.

ಆದರೆ ಸೈಕಲ್ಲಿನ ಭಯ ನಿಜ. ಟ್ಯೂಬಿಂಗೆನ್‌ನಲ್ಲಿ ಸೈಕಲ್ ಎಷ್ಟಿದೆ ಎಂದು ನೀವೇ ದಿನಾ ನೋಡುತ್ತೀರಿ. ಹಳಿಯ ಸಂದಿಗೆ ಚಕ್ರ ಸಿಕ್ಕರೆ ಸವಾರ ಬಿದ್ದೇ ಬೀಳುತ್ತಾನೆ, ಮಳೆಯಲ್ಲಂತೂ ಇನ್ನೂ ಕಷ್ಟ. ಮ್ಯೂಲ್‌ಷ್ಟ್ರಾಸೆಯಷ್ಟು ಕಿರಿದಾದ ರಸ್ತೆಯಲ್ಲಿ ಬಸ್ಸು, ಸೈಕಲ್ಲು, ನಡೆಯುವವರು, ಜೊತೆಗೆ ಉದ್ದನೆಯ ಟ್ರಾಮ್, ಎಲ್ಲರಿಗೂ ಜಾಗ ಮಾಡಿಕೊಡುವುದು ನನ್ನಂಥವನಿಗೂ ಬೆವರು ಬರಿಸುವ ಕೆಲಸ. ಟ್ರಾಮಿನ ಡಿಸಿ ಕರೆಂಟಿನಿಂದ ಹುಟ್ಟುವ ಕಾಂತಕ್ಷೇತ್ರ, ಚಕ್ರದ ನಡುಕ ಇವು ಎಂಆರ್‌ಐ ಯಂತ್ರಕ್ಕೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೂ ತೊಂದರೆ ಕೊಡಬಹುದು. ಲ್ಯಾಬುಗಳ ಪಕ್ಕದಲ್ಲಿ ಹಳಿ ಹಾಕುವಾಗ ಇದಕ್ಕೆಂದೇ ಬೇರೆ ವ್ಯವಸ್ಥೆ ಮಾಡಬೇಕು, ಖರ್ಚು ಏರುತ್ತದೆ. ಇನ್ನೊಂದು ವಿಷಯ ಹೊರಗಿನವರಿಗೆ ಕಾಣುವುದಿಲ್ಲ. ಊರೊಳಗೆ ಇರುವವರಿಗೆ ಮನೆ ಹತ್ತಿರದಿಂದ ಪೇಟೆಗೆ ನೇರ ಬಸ್ಸು ಈಗಲೇ ಇದೆ. ಟ್ರಾಮ್ ಬಂದರೆ ಕೆಲವು ಬಸ್ಸುಗಳ ದಾರಿ ಬದಲಾಗುತ್ತದೆ. ಆಗ ಅವರಲ್ಲಿ ಕೆಲವರು ಹೊಸದಾಗಿ ಇಳಿದು ಹತ್ತಬೇಕಾಗುತ್ತದೆ.

ಲಾಭ ಕಣಿವೆಗೆ, ಅಗೆತ ಮತ್ತು ಧೂಳು ಊರಿಗೆ. ಮತ ಹಾಕಿದ್ದು ಊರಿನವರು ಮಾತ್ರ. ಎಂಟ್ರಿಂಗೆನ್ ಸೇರುವುದು ಅಮ್ಮರ್‌ಬುಖ್ ಪಂಚಾಯಿತಿಗೆ, ಅಲ್ಲಿನವರಿಗೆ ಮತ ಇರಲಿಲ್ಲ. ನೀವು ಆಗ ಊರೊಳಗೇ ಇದ್ದಿದ್ದರೂ ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಇಂಥ ನಗರದ ಮತದಾನದಲ್ಲಿ ಹಕ್ಕಿಲ್ಲ. ಜರ್ಮನ್ನರಿಗೆ ಮತ್ತು ಐರೋಪ್ಯ ಒಕ್ಕೂಟದ ದೇಶಗಳವರಿಗೆ ಮಾತ್ರ ಇದೆ. ದಿನಾ ಬೆಳಗ್ಗೆ ಸ್ಟೇಷನ್ನಿನಲ್ಲಿ ಇಳಿಯುವ ಸಾವಿರಾರು ಜನರ ಅನುಭವ ಆ ಮತಪೆಟ್ಟಿಗೆಗೆ ಬೀಳಲೇ ಇಲ್ಲ ಎನ್ನುವುದು ನನಗೆ ಇಂದಿಗೂ ನೋವಿನ ಸಂಗತಿ.

ಟ್ಯೂಬಿಂಗೆನ್ ಒಂದೇ ಅಲ್ಲ. ಹಾಲೆಂಡಿನ ಲೈಡನ್‌ನಲ್ಲಿ ಊರ ನಡುವೆ ಹಾಯುವ ಇಂಥದೇ ಲೈನನ್ನು 2007ರಲ್ಲಿ ಜನ ಬೇಡ ಅಂದರು. ಜರ್ಮನಿಯಲ್ಲೇ ವೀಸ್‌ಬಾಡೆನ್ 2020ರಲ್ಲಿ ತನ್ನ ಟ್ರಾಮ್ ಯೋಜನೆಯನ್ನು ತಿರಸ್ಕರಿಸಿತು. 2024ರ ಜೂನ್ 9ರಂದು ಒಂದೇ ದಿನ ರೇಗನ್ಸ್‌ಬುರ್ಗ್ ಬೇಡ ಅಂದಿತು, ಎರ್ಲಾಂಗೆನ್ ಸಣ್ಣ ಅಂತರದಲ್ಲಿ ಬೇಕು ಅಂದಿತು. ಕೀಲ್‌ನ ಯೋಜನೆ 2015ರಲ್ಲಿ ನಿಂತದ್ದು ಸುತ್ತಲಿನ ಜಿಲ್ಲೆಗಳು ಮತ್ತು ನಗರ ಒಂದೇ ದಾರಿಗೆ ಬರದೆ. ಹೊಸ ಹಳಿ ಹಾಕಲು ಕೇಂದ್ರ ಸರ್ಕಾರ 75 ಶೇಕಡಾದವರೆಗೆ ದುಡ್ಡು ಕೊಡಬಲ್ಲದು. ತಂತಿ ಎಳೆಯಲು 90ರವರೆಗೂ ಸಿಗುತ್ತದೆ. 2020ರಿಂದ ಕಾನೂನು ಹೀಗಿದೆ. ಅಂದಮೇಲೆ ದುಡ್ಡು ಒಂದೇ ಅಡ್ಡಿಯಲ್ಲ. ರಸ್ತೆ ಯಾರದು ಎಂಬ ಜಗಳ ಬಗೆಹರಿಯಬೇಕು.

ಮುಗಿದ ಕಥೆಯೋ ಅಂತ ಕೇಳಿದ್ದೀರಿ. ಕಾನೂನಿನ ಪ್ರಕಾರ ಮುಗಿದಿಲ್ಲ. ನಿಮ್ಮ ರಾಜ್ಯವಾದ ಬಾಡೆನ್-ವ್ಯೂರ್ಟೆಂಬೆರ್ಗ್‌ನಲ್ಲಿ ಇಂಥ ಮತದ ತೀರ್ಪನ್ನು ಮೂರು ವರ್ಷ ಯಾರೂ ಬದಲಿಸುವಂತಿಲ್ಲ, ಇನ್ನೊಂದು ಮತದಾನದಿಂದ ಮಾತ್ರ ಸಾಧ್ಯ. ಆ ಮೂರು ವರ್ಷ 2024ರ ಸೆಪ್ಟೆಂಬರ್‌ನಲ್ಲೇ ಕಳೆಯಿತು. ಕಾರ್ಲ್ಸ್‌ರೂಹೆಯಲ್ಲೇ ನೋಡಿ. ಗಾಡಿಗಳು ಜಾಸ್ತಿಯಾಗಿ ಪೇಟೆಬೀದಿಯಲ್ಲಿ ಒಂದರ ಹಿಂದೊಂದು ಗೋಡೆಯಂತೆ ನಿಲ್ಲತೊಡಗಿದವು. ಅವನ್ನು ಸುರಂಗಕ್ಕೆ ಇಳಿಸುವ ಯೋಜನೆಗೆ 1996ರಲ್ಲಿ ಜನ ಬೇಡ ಅಂದರು. ಅದನ್ನು ಬದಲಿಸಿ 2002ರಲ್ಲಿ ಮತ್ತೆ ಕೇಳಿದಾಗ ಒಪ್ಪಿದರು. ಸುರಂಗದಲ್ಲಿ ಗಾಡಿ ಓಡಿದ್ದು 2021ರ ಡಿಸೆಂಬರ್‌ನಲ್ಲಿ. ಒಪ್ಪಿದ ಮೇಲೂ ಹತ್ತೊಂಬತ್ತು ವರ್ಷ. ನಿಮ್ಮ ನಿರ್ಧಾರಕ್ಕೆ ಬೇಕಾದ ಸಂಖ್ಯೆ ಇದು.

ಟ್ಯೂಬಿಂಗೆನ್ ನಗರಸಭೆ ನಾಳೆಯೇ ಮನಸ್ಸು ಬದಲಿಸಿದರೂ ಹೊಸ ನಕ್ಷೆ, ಆಕ್ಷೇಪಣೆ, ಕೋರ್ಟು, ಸೇತುವೆ ಕೆಲಸ ಎಲ್ಲ ಸೇರಿ ಹತ್ತು ವರ್ಷದೊಳಗೆ ಗಾಡಿ ಗುಡ್ಡ ಹತ್ತುವುದನ್ನು ನಾನು ಕಾಣೆ. ನಿಮ್ಮ ಬ್ಯಾಂಕ್ ಸಾಲದ ಬಡ್ಡಿ ಬಹುಶಃ ಹತ್ತು ಅಥವಾ ಹದಿನೈದು ವರ್ಷಕ್ಕೆ ನಿಗದಿಯಾಗುತ್ತದೆ. ಆ ಅವಧಿ ಪೂರ್ತಿ ಬಸ್ಸೇ ಇರುತ್ತದೆ ಎಂದುಕೊಂಡು ಲೆಕ್ಕ ಹಾಕಿ. "ಟ್ರಾಮ್ ಬರುತ್ತೆ" ಅನ್ನುವ ಮಾತಿಗೆ ಬ್ರೋಕರ್ ಕೇಳುವ ಒಂದು ಯೂರೋವನ್ನೂ ಜಾಸ್ತಿ ಕೊಡಬೇಡಿ. ಈಗಿರುವ ರೈಲಿಗೆ, ಅದೂ ಮನೆ ಹತ್ತಿರದ ಸ್ಟೇಷನ್ನಿಗೆ, ಬೆಲೆ ಕೊಡುವುದು ತಪ್ಪಲ್ಲ.

ಅಮ್ಮರ್ ಲೈನಿನ ಮೇಲೆ ನನಗೆ ನಂಬಿಕೆ ಇರುವುದಕ್ಕೆ ಕಾರಣವಿದೆ. ಎಂಟ್ರಿಂಗೆನ್‌ನಿಂದ ಆಚೆ ಹೆರೆನ್‌ಬೆರ್ಗ್‌ವರೆಗಿನ ಭಾಗದಲ್ಲಿ 1966ರಲ್ಲಿ ಪ್ರಯಾಣಿಕರ ರೈಲು ನಿಂತೇ ಹೋಗಿತ್ತು. ಸ್ಥಳೀಯರು ಹಟ ಹಿಡಿದು 1999ರ ಆಗಸ್ಟ್‌ನಲ್ಲಿ ಮತ್ತೆ ಓಡಿಸಿದರು. ಬಂದ ಜನ ಅಂದಾಜನ್ನೂ ಮೀರಿದರು. ಇಂಥ ಲೈನನ್ನು ಇನ್ನು ಯಾರೂ ಮುಚ್ಚುವುದಿಲ್ಲ. ಆದರೆ ಒಂದು ಎಚ್ಚರ: ಇದರಲ್ಲಿ ಬಹಳ ಭಾಗ ಒಂಟಿ ಹಳಿ. ಒಂದು ಗಾಡಿ ತಡವಾದರೆ ಎದುರಿನದೂ ತಡವಾಗುತ್ತದೆ. ತಡವಾದ ದಿನ ಬಸ್ಸು ತಪ್ಪುತ್ತದೆ. ವೇಳಾಪಟ್ಟಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಎರಡು ವಾರ, ನಿಮ್ಮ ಹೆಂಡತಿ ಹೋಗುವ ಹೊತ್ತಿಗೇ, ಎಂಟ್ರಿಂಗೆನ್‌ನಿಂದ ಲ್ಯಾಬ್ ಬಾಗಿಲಿನವರೆಗೆ ಹೋಗಿ ನೋಡಿ. ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಇದ್ದರೆ ರೈಲಿಗೂ ಬಸ್ಸಿಗೂ ಅದೇ ಸಾಕು, ಬೇರೆ ದುಡ್ಡಿಲ್ಲ. ಶಿಫ್ಟ್ ಇದ್ದರೆ ರಾತ್ರಿಯ ಕೊನೆಯ ಗಾಡಿ ಯಾವಾಗ ಎಂದು ಮರೆಯದೆ ನೋಡಿ.

ಇನ್ನೊಂದು ದಾರಿಯನ್ನೂ ಪರೀಕ್ಷೆ ಮಾಡಿ. ಮುಖ್ಯ ಸ್ಟೇಷನ್ನಿಗೆ ಮುಂಚೆ ಅಮ್ಮರ್ ಲೈನಿನಲ್ಲೇ ಟ್ಯೂಬಿಂಗೆನ್ ವೆಸ್ಟ್ ಎಂಬ ನಿಲ್ದಾಣ ಸಿಗುತ್ತದೆ. ಆಸ್ಪತ್ರೆಯ ಗುಡ್ಡಕ್ಕೆ ಅದು ಮುಖ್ಯ ಸ್ಟೇಷನ್ನಿಗಿಂತ ಹತ್ತಿರ. ಊರ ನಡುವಿನ ಬಸ್ಸುಗಳ ಸಾಲನ್ನು ಪೂರ್ತಿ ತಪ್ಪಿಸಬಹುದು. ಏರು ಕಡಿದಾಗಿದೆ, ನಡೆದು ಹೋಗಲು ಎಲ್ಲರಿಗೂ ಆಗದು. ಬ್ಯಾಟರಿ ಸೈಕಲ್ ಒಂದನ್ನು ಅಲ್ಲಿ ಭದ್ರವಾಗಿ ಬೀಗ ಹಾಕಿ ಇಡಲು ಜಾಗ ಸಿಕ್ಕರೆ ಬೇಸಿಗೆಯಲ್ಲಿ ಅದೇ ಒಳ್ಳೆಯ ದಾರಿ. ಚಳಿಗಾಲದಲ್ಲಿ ಹಿಮ ಗಟ್ಟಿದ ದಿನ ಮಾತ್ರ ಬೇಡ.

ಬಸ್ಸನ್ನೇ ಸುಧಾರಿಸಬಹುದಲ್ಲ ಎಂದು ಹೇಳುವವರ ಮಾತಿನಲ್ಲೂ ಹುರುಳಿದೆ. ನಿಲ್ಲದೆ ಹೋಗುವ ವೇಗದ ಬಸ್ಸು, ಬಸ್ಸಿಗೇ ಮೀಸಲಾದ ದಾರಿ, ಇವಕ್ಕೆ ಹತ್ತು ವರ್ಷ ಬೇಕಿಲ್ಲ. ಆದರೆ ಮ್ಯೂಲ್‌ಷ್ಟ್ರಾಸೆ ಅಗಲವಾಗುವುದಿಲ್ಲ, ಬಸ್ ಚಾಲಕರು ಸಿಗುವುದು ಜರ್ಮನಿಯಲ್ಲೆಲ್ಲ ಕಷ್ಟವಾಗಿದೆ. ಒಂದು ಟ್ರಾಮ್ ಹೊರುವ ಜನಕ್ಕೆ ಎರಡು ಉದ್ದನೆಯ ಬಸ್ಸು, ಇಬ್ಬರು ಚಾಲಕರು ಬೇಕು. ರೋಪ್‌ವೇ ಎಂಬ ಮಾತೂ ಆಗಾಗ ಬರುತ್ತದೆ. ಗುಡ್ಡಕ್ಕೆ ಅದು ಚೆನ್ನಾಗಿ ಹೊಂದುತ್ತದೆ, ಆದರೆ ಯಾರ ಮನೆಯ ಮೇಲೆ ಹಾಯಬೇಕು ಎನ್ನುವಲ್ಲಿ ಜಗಳ ಶುರುವಾಗುತ್ತದೆ, ಮತ್ತು ಅಲ್ಲಿಯೂ ಇಳಿದು ಹತ್ತುವುದು ತಪ್ಪುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಎರಡು ವಾರದ ಪರೀಕ್ಷೆಯಲ್ಲಿ ನಿಮ್ಮ ಹೆಂಡತಿಗೆ ಬಾಗಿಲಿಂದ ಬಾಗಿಲಿಗೆ, ಒಂದು ಕಡೆಗೆ, ಐವತ್ತು ನಿಮಿಷದೊಳಗೆ ತಲುಪಲು ಆದರೆ, ಅದೂ ಹೆಚ್ಚಿನ ದಿನಗಳಲ್ಲಿ ಆದರೆ, ಫ್ಲಾಟ್ ಕೊಳ್ಳುತ್ತಿದ್ದೆ. ಆಗದಿದ್ದರೆ ಇದೇ ಲೈನಿನಲ್ಲಿ ಊರಿಗೆ ಇನ್ನೂ ಹತ್ತಿರದ ಊರುಗಳಲ್ಲಿ, ಸ್ವಲ್ಪ ಚಿಕ್ಕದಾದರೂ ಸರಿ, ಮನೆ ಹುಡುಕುತ್ತಿದ್ದೆ. ನೀವು ಅತ್ತ ರಾಯ್ಟ್‌ಲಿಂಗೆನ್‌ಗೆ ಹೋಗಬೇಕಾದ್ದರಿಂದ ಗುಡ್ಡದ ಮೇಲೇ ಬಾಡಿಗೆಗೆ ಇದ್ದರೆ ಇಳಿದು ಹತ್ತುವ ಕಷ್ಟ ಅವರಿಂದ ನಿಮಗೆ ವರ್ಗವಾಗುತ್ತದೆ, ಅಷ್ಟೇ. ಪರೀಕ್ಷೆ ಮಾಡುವಾಗ ರೈಲು ಎಷ್ಟು ದಿನ ತಡವಾಯಿತು, ಬಸ್ಸು ಎಷ್ಟು ಸಲ ತಪ್ಪಿತು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಬೇಕಿದ್ದರೆ ಆ ಲೆಕ್ಕವನ್ನು ನನಗೆ ಕಳಿಸಿ, ಒಟ್ಟಿಗೆ ಕೂತು ನೋಡೋಣ.